ಪಾಪ, ಫ್ರಿಜ್ಜಿನ ತಪ್ಪೇನು?

ನನ್ನ ಸೊಂಟ ಆಗಾಗ ಕೂಗುತ್ತದೆ.

ಹೊಸದಾಗಿ ಓದುತ್ತಿರುವವರು ಗಾಬರಿಯಾಗಬೇಡಿ. ನನಗೆ ಹೈಸ್ಕೂಲಿನ ದಿನಗಳಿಂದಲೂ ಸಕ್ಕರೆ ಕಾಯಿಲೆ. ಸಿಹಿ ತಿಂದು ಬಂದದ್ದಲ್ಲ (ಇದನ್ನು ಹೇಳಿ ಹೇಳಿ ನಾಲಿಗೆ ಸವೆದಿದೆ), ಮೈಯಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತುಹೋಗಿ ಬಂದದ್ದು. ತೊಂಬತ್ತರ ದಶಕವನ್ನೆಲ್ಲ ಸಿರಿಂಜು ಹಿಡಿದುಕೊಂಡೇ ಕಳೆದೆ. ಛತ್ರಗಳ ಬಾತ್‌ರೂಮಿನಲ್ಲಿ, ರೈಲಿನ ಮೇಲಿನ ಬರ್ತಿನಲ್ಲಿ ಚುಚ್ಚಿಕೊಂಡಿದ್ದೇನೆ. ಕಳೆದ ವರ್ಷದಿಂದ ಸೊಂಟದಲ್ಲಿ ಇನ್ಸುಲಿನ್ ಪಂಪ್ ಬಂದು ಕೂತಿದೆ. ಪೇಜರ್ ಗಾತ್ರದ ಡಬ್ಬಿ, ಅದರಿಂದ ಹೊಟ್ಟೆಯ ಚರ್ಮದೊಳಕ್ಕೆ ಹೋಗುವ ಒಂದು ಸಪೂರ ಕೊಳವೆ. ದಿನವಿಡೀ ತೊಟ್ಟುತೊಟ್ಟಾಗಿ ಇನ್ಸುಲಿನ್ ಬಿಡುತ್ತಿರುತ್ತದೆ. ಊಟ ತಿಂಡಿಯ ಹೊತ್ತಿಗೆ ಬಟನ್ ಒತ್ತಿದರೆ ಅದಕ್ಕೆ ಬೇಕಾದಷ್ಟು ಹೆಚ್ಚಿಗೆ ಬಿಡುತ್ತದೆ.

ಬಹಳ ಒಳ್ಳೆಯ ಯಂತ್ರ. ಇರುವುದು ಒಂದೇ ದುರ್ಗುಣ, ಅದರ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಬ್ಯಾಟರಿ ಇಳಿದರೆ ಕೂಗು. ಔಷಧಿ ಮುಗಿಯುತ್ತಾ ಬಂದರೆ ಕೂಗು. ಕೊಳವೆ ಎಲ್ಲಾದರೂ ಅದುಮಿಕೊಂಡರೆ, ನಾನು ಬಟನ್ ಒತ್ತಿ ಸಮಾಧಾನ ಮಾಡುವ ತನಕ ಬಿಟ್ಟು ಬಿಟ್ಟು ಕೂಗು. ಸಾರಕ್ಕಿ ಸಿಗ್ನಲ್ಲಿನಲ್ಲಿ ಆಟೋದವರೊಬ್ಬರು ಕನ್ನಡಿಯಲ್ಲಿ ನೋಡಿ, "ಅಕ್ಕ, ಫೋನ್ ಎತ್ತಿ ಒಂದ್ಸಲ. ಯಾರೋ ಪಾಪ ಆವಾಗ್ಲಿಂದ ಹೊಡ್ಕೊಳ್ತಿದ್ದಾರೆ" ಎಂದಿದ್ದರು. ಬಸ್ಸಿನಲ್ಲಿ ಪಕ್ಕದ ಆಂಟಿ ಬ್ಯಾಗು ತಬ್ಬಿಕೊಂಡು ಎದ್ದು ಹಿಂದಿನ ಸೀಟಿಗೆ ಹೋಗಿದ್ದರು. ಇದಕ್ಕೆಲ್ಲ ನಾನು ಒಗ್ಗಿಹೋಗಿದ್ದೇನೆ.

ಹೋದ ಭಾನುವಾರದ್ದು ಮಾತ್ರ ಬೇರೆ ಕಥೆ. ಅಂದು ನನ್ನ ತಂಗಿ ಶುಭಾಳನ್ನು ನೋಡಲು ಗಂಡಿನ ಕಡೆಯವರು ಜಯನಗರದ ನಮ್ಮಮ್ಮನ ಮನೆಗೆ ಬರುವವರಿದ್ದರು.

ಹುಡುಗ ಪ್ರಸನ್ನ. ಬನಶಂಕರಿಯವರು. ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಅವನೂ ಶುಭಾಳೂ ಆಗಲೇ ಒಂದೆರಡು ಸಲ ಫೋನಿನಲ್ಲಿ ಮಾತಾಡಿದ್ದರು. ಮಾತು ಮುಗಿದ ಮೇಲೂ ಶುಭಾ ರಿಸೀವರ್ ಹಿಡಿದುಕೊಂಡೇ ನಗುತ್ತಿದ್ದಳು. ಅಂದರೆ ಅವಳ ಕಡೆಯಿಂದ ತೀರ್ಮಾನವಾದಂತೆಯೇ.

ಅಮ್ಮನಿಗೆ ಅದೇ ಭಯ. ಹಿಂದೆ ಕೂಡಿಬಂದಿದ್ದ ಒಂದು ಸಂಬಂಧ "ಅಕ್ಕನಿಗೆ ಶುಗರ್ ಅಂತೆ" ಎಂಬ ಒಂದೇ ಮಾತಿಗೆ ತಪ್ಪಿಹೋಗಿತ್ತು. ಅಪ್ಪ ತೀರಿಕೊಂಡ ಮೇಲೆ ಒಬ್ಬಳೇ ಓಡಾಡಿ ಗಂಡು ಹುಡುಕುತ್ತಿದ್ದ ಅಮ್ಮ ಆ ದಿನ ಅಡುಗೆಮನೆಯಲ್ಲಿ ಕೂತು ಅತ್ತಿದ್ದು ನನಗಿನ್ನೂ ನೆನಪಿದೆ. ಹಾಗಾಗಿ ಭಾನುವಾರ ಬೆಳಿಗ್ಗೆ ನನ್ನನ್ನು ಪಕ್ಕಕ್ಕೆ ಕರೆದು, "ಇವತ್ತೊಂದಿನ ಅದು ಕಾಣದ ಹಾಗೆ ಇಟ್ಕೊಳೇ. ನಿಶ್ಚಯ ಆಗ್ಲಿ, ಆಮೇಲೆ ನಾನೇ ಹೇಳ್ತೀನಿ" ಎಂದಾಗ ಬೇಡವೆನ್ನಲು ಬಾಯಿ ಬರಲಿಲ್ಲ.

ಕಾಣದ ಹಾಗೆ ಇಟ್ಟುಕೊಂಡೆ. ಅವರ ಕಾರು ಬಂದ ಸದ್ದಾಗುತ್ತಲೇ ಕೇಸರಿಬಾತಿನ ಲೆಕ್ಕಕ್ಕೆ ಬಟನ್ ಒತ್ತಿ, ಡಬ್ಬಿಯನ್ನು ಲಂಗದೊಳಗೆ ಸೇರಿಸಿ, ಜಾರದಿರಲೆಂದು ಲಾಡಿಯನ್ನು ಬಿಗಿಯಾಗಿ ಕಟ್ಟಿ, ಮೇಲೆ ರೇಷ್ಮೆ ಸೀರೆಯ ನೆರಿಗೆ ಸಿಕ್ಕಿಸಿದೆ. ಕನ್ನಡಿಯಲ್ಲಿ ನೋಡಿಕೊಂಡರೆ ಡಬ್ಬಿಯ ಸುಳಿವೇ ಇಲ್ಲ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಬಂದವರು ಮೂವರೇ. ಪ್ರಸನ್ನ, ಅವನ ಅಮ್ಮ, ಅಪ್ಪ. ತಾಯಿ ಚುರುಕು, ಮಾತುಗಾತಿ. ತಂದೆ ಏನು ಕೇಳಿದರೂ ಮುಗುಳ್ನಗುತ್ತಿದ್ದರು. ಕೇಸರಿಬಾತ್, ಉಪ್ಪಿಟ್ಟು ಮುಗಿಯಿತು. ನಾನೂ ಧಾರಾಳವಾಗಿಯೇ ತಿಂದೆ, ಬಟನ್ ಒತ್ತಿದ್ದೇನಲ್ಲ! ಶುಭಾ ಕಾಫಿ ತಟ್ಟೆ ಹಿಡಿದು ಬಂದಳು.

ಕೀಂ ಕೀಂ ಕೀಂ.

ಪ್ರಸನ್ನ ಜೇಬಿನಿಂದ ಮೊಬೈಲ್ ತೆಗೆದು ನೋಡಿ ಮತ್ತೆ ಒಳಗಿಟ್ಟ. ನನಗೆ ತಕ್ಷಣ ಅರ್ಥವಾಯಿತು. ಲಾಡಿ ಕೊಳವೆಯ ಕತ್ತು ಹಿಸುಕಿತ್ತು. ಕೇಸರಿಬಾತು ಹೊಟ್ಟೆಗೆ ಇಳಿದಿದೆ, ಅದಕ್ಕೆಂದು ಬಿಟ್ಟ ಇನ್ಸುಲಿನ್ ದಾರಿಯಲ್ಲೇ ನಿಂತಿದೆ. ಬೇರೆ ದಿನವಾಗಿದ್ದರೆ ಸೆರಗಿನಡಿ ಕೈ ಹಾಕಿ ಕ್ಷಣದಲ್ಲಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ಬಟನ್ ಒತ್ತಬೇಕೆಂದರೆ ಬೀಗರಾಗುವವರ ಮುಂದೆ ಸೀರೆಯನ್ನೇ ಸಡಿಲಿಸಬೇಕು. ಎದ್ದು ಹೋದರೆ ಸದ್ದೂ ನನ್ನ ಹಿಂದೆಯೇ ಬರುತ್ತದೆ.

"ನಮ್ಮ ಫ್ರಿಜ್ಜು ಕಣ್ರೀ," ಎಂದಳು ಅಮ್ಮ. "ಹಳೇದು. ಕರೆಂಟ್ ಹೆಚ್ಚುಕಮ್ಮಿ ಆದ್ರೆ ಹೀಗೇ ಮಾಡತ್ತೆ."

ಅಮ್ಮ ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲಳೆಂದು ಇಷ್ಟು ವರ್ಷ ನನಗೆ ತಿಳಿದಿರಲಿಲ್ಲ.

ಕೀಂ ಕೀಂ ಕೀಂ.

ಈ ಸಲ ಹುಡುಗನ ತಾಯಿಯ ಮುಖ ಬದಲಾಯಿತು. ಗಂಡನ ಕಡೆ ವಾಲಿ ಮೆಲ್ಲಗೆ ಏನೋ ಹೇಳಿದರು. ಅವರು "ಆಂ?" ಎಂದರು. ಆಕೆ ಮತ್ತೆ ಹೇಳಿದರು. ಅವರು ಮತ್ತೆ "ಆಂ?" ಎಂದರು. ಆಕೆಯ ತಾಳ್ಮೆ ಮುಗಿಯಿತು.

"ನಿಮ್ಮ ಕಿವಿ ಮಿಷಿನ್ನು ರೀ, ಕೂಗ್ತಿರೋದು! ಆಫ್ ಮಾಡಿ ಇಡಿ ಅಂದಿದ್ನಲ್ಲ!"

ಆಕೆಯ ಕಣ್ಣಲ್ಲಿ ನೀರು ಬಂದೇಬಿಟ್ಟಿತು. "ತಪ್ಪು ತಿಳ್ಕೋಬೇಡಿ. ವಯಸ್ಸಾದ್ಮೇಲೆ ಬಂದಿದ್ದು ಅವರಿಗೆ. ನೀವೇನಂದ್ಕೋತೀರೋ ಅಂತ ನಾನೇ ತೆಗೆಸಿ ಜೇಬಲ್ಲಿ ಇಡಿಸ್ದೆ" ಎಂದರು. ಆ ಹಿರಿಯರು ಅಪರಾಧಿಯ ಹಾಗೆ ಶರಟಿನ ಜೇಬಿನಿಂದ ಪುಟ್ಟ ಡಬ್ಬಿ ತೆಗೆದು, ಅದರೊಳಗಿನ ಹಿಯರಿಂಗ್ ಏಡನ್ನು ತಿರುಗಿಸಿ ಮುರುಗಿಸಿ ನೋಡತೊಡಗಿದರು.

ಅಷ್ಟರಲ್ಲಿ ಅಮ್ಮನ ಹೆಬ್ಬೆರಳು ನನ್ನ ಕಾಲ ಮೇಲೆ ಬಂದು ಕೂತಿತು. ಅದರ ಅರ್ಥ ಸ್ಪಷ್ಟ. ತಪ್ಪು ಅವರ ಮೇಲೆ ಹೋಗಿದೆ, ಹಾಗೇ ಇರಲಿ, ತೆಪ್ಪಗಿರು. ನಾನು ತೆಪ್ಪಗೇ ಇದ್ದೆ. ತಂಗಿಯ ಮದುವೆ ದೊಡ್ಡದೋ, ಯಾರದೋ ಕಿವಿಯ ಮಾನ ದೊಡ್ಡದೋ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಶುಭಾ ತಟ್ಟೆಯನ್ನು ಟೀಪಾಯಿ ಮೇಲಿಟ್ಟಳು.

"ಅಂಕಲ್, ಅದು ನಿಮ್ದಲ್ಲ. ಫ್ರಿಜ್ಜೂ ಅಲ್ಲ. ನಮ್ಮಕ್ಕನ ಇನ್ಸುಲಿನ್ ಪಂಪು. ಅವಳಿಗೆ ಚಿಕ್ಕ ವಯಸ್ಸಿಂದ ಡಯಾಬಿಟೀಸ್ ಇದೆ. ಅಕ್ಕಾ, ಒಳಗೆ ಹೋಗಿ ಸರಿ ಮಾಡ್ಕೊಂಡು ಬಾ. ಎಷ್ಟು ಹೊತ್ತು ಕೂತಿರ್ತೀಯ?"

ನಾನು ಕೂಗುವ ಸೊಂಟದೊಂದಿಗೆ ರೂಮಿಗೆ ಓಡಿದೆ. ಲಾಡಿ ಬಿಚ್ಚಿ, ಕೊಳವೆ ನೇರ ಮಾಡಿ, ಬಟನ್ ಒತ್ತಿದೆ. ಯಂತ್ರ ಸುಮ್ಮನಾಯಿತು. ನನ್ನಿಂದಲೇ ಎರಡನೇ ಸಲವೂ ಸಂಬಂಧ ಮುರಿಯಿತಲ್ಲ ಎಂದುಕೊಳ್ಳುತ್ತಾ ಮತ್ತೆ ನೆರಿಗೆ ಸಿಕ್ಕಿಸಿದೆ.

ಬಾಗಿಲಿನಾಚೆ ಹುಡುಗನ ತಾಯಿಯ ದನಿ ಕೇಳಿಸಿತು. "ಇದು... ಮನೆತನದಲ್ಲಿ ಬರೋದಾ?"

ಇದೇ ಪ್ರಶ್ನೆಗೆ ಅಮ್ಮ ಹೆದರಿದ್ದು. ಶುಭಾ ಹೇಳಿದಳು, "ನಂಗಿಲ್ಲ ಆಂಟಿ. ಮುಂದೆ ಯಾರಿಗೂ ಬರಲ್ಲ ಅಂತ ಬರ್ಕೊಡಕ್ಕಾಗಲ್ಲ."

ಆಮೇಲೆ ಪ್ರಸನ್ನನ ದನಿ. "ಅಮ್ಮ, ಅಪ್ಪನ ಕಿವಿ ಬಗ್ಗೆ ನೀನು ಬರ್ಕೊಡ್ತೀಯಾ?"

ನಾನು ಹೊರಗೆ ಬಂದಾಗ ಹಿರಿಯರು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕೂತಿದ್ದರು. ಪಂಪ್ ಈಗ ಸೀರೆಯ ಮೇಲೆಯೇ, ಎಲ್ಲರಿಗೂ ಕಾಣುವಂತೆ ಇತ್ತು. "ಎಲ್ಲಿ, ತೋರ್ಸಮ್ಮ ನೋಡೋಣ" ಎಂದು ಹಿರಿಯರು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಬ್ಯಾಟರಿ ಎಲ್ಲಿ ತರುತ್ತೀಯ, ನಿದ್ದೆಯಲ್ಲಿ ಒತ್ತುವುದಿಲ್ಲವೇ, ಸ್ನಾನಕ್ಕೆ ಹೋಗುವಾಗ ತೆಗೆಯಬಹುದೇ ಎಂದು ಕೇಳಿದ್ದೇ ಕೇಳಿದ್ದು. ಅಲ್ಲಿಯವರೆಗೆ ಬರೀ ಮುಗುಳ್ನಗುತ್ತಿದ್ದ ಮನುಷ್ಯ ಇಷ್ಟೊಂದು ಮಾತಾಡುತ್ತಾರೆಂದು ಯಾರಿಗೆ ಗೊತ್ತಿತ್ತು? ಎಲ್ಲರ ಕಾಫಿ ಆರಿಹೋಗಿತ್ತು. ಅಮ್ಮ ಮತ್ತೆ ಬಿಸಿ ಮಾಡಲು ಎದ್ದಳು.

ಹೋಗುವಾಗ ಹುಡುಗನ ತಾಯಿ "ಯೋಚ್ನೆ ಮಾಡಿ ಫೋನ್ ಮಾಡ್ತೀವಿ" ಎಂದರು. ಈ ಮಾತಿನ ಅರ್ಥ ಹೆಣ್ಣು ಹೆತ್ತವರಿಗೆ ಬಿಡಿಸಿ ಹೇಳಬೇಕೇ? ಅಮ್ಮ ಶುಭಾಳನ್ನು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಸುಮ್ಮನೆ ತಟ್ಟೆಗಳನ್ನು ತೊಳೆದಳು.

ಒಂದು ಕಾಲದಲ್ಲಿ ಹೆಣ್ಣು ತೋರಿಸುವಾಗ ಹುಡುಗಿಯ ಕನ್ನಡಕ ತೆಗೆಸುತ್ತಿದ್ದರು. ಅವಳು ಅಂದಾಜಿನ ಮೇಲೆ ಕಾಫಿ ಕೊಡುತ್ತಿದ್ದಳು. ಇಂದು ಕನ್ನಡಕಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಕಣ್ಣಿಗೆ ಸಿಕ್ಕ ಮಾಫಿ ಕಿವಿಗೆ, ಹೊಟ್ಟೆಗೆ ಏಕಿಲ್ಲ? ಇದನ್ನೆಲ್ಲ ಅಮ್ಮನಿಗೆ ಹೇಳಬೇಕೆಂದುಕೊಂಡೆ. ಆದರೆ ಅವಳ ಮುಖ ನೋಡಿ, ತೊಳೆದ ತಟ್ಟೆಗಳನ್ನು ಒರೆಸಿಟ್ಟೆ.

ಬುಧವಾರ ಸಂಜೆ ಫೋನ್ ಬಂತು. ನಾನೂ ಅಲ್ಲೇ ಇದ್ದೆ. ಅಮ್ಮ ಎತ್ತಿಕೊಂಡಳು. ಆ ಕಡೆಯಿಂದ ಹುಡುಗನ ತಾಯಿಯ ಮೊದಲ ಪ್ರಶ್ನೆ ನನಗೂ ಕೇಳಿಸಿತು.

"ಹೇಗಿದೆ ರೀ ನಿಮ್ಮ ಫ್ರಿಜ್ಜು?"

ಅಮ್ಮ ಬಿಳಿಚಿಕೊಂಡಳು. ಆ ಕಡೆ ಜೋರಾಗಿ ನಗು. "ಹುಡುಗಿ ನಮಗೆಲ್ಲ ಒಪ್ಪಿಗೆ. ನೇರ ಮಾತಿನವಳು, ಅದೇ ಹಿಡಿಸ್ತು. ಒಂದೇ ವಿಷ್ಯ. ನಿಶ್ಚಿತಾರ್ಥಕ್ಕೆ ಇವರು ಕಿವಿ ಮಿಷಿನ್ ಹಾಕ್ಕೊಂಡೇ ಬರ್ತಾರಂತೆ. ಪರವಾಗಿಲ್ಲ ತಾನೇ?"

ಅಮ್ಮ ಸೋಫಾದ ಮೇಲೆ ಕುಸಿದು ಕೂತು, ಅಳುತ್ತಾ ನಗುತ್ತಾ "ಅಯ್ಯೋ ಬರ್ಲಿ ಬರ್ಲಿ" ಎಂದಳು. ಶುಭಾ ಫೋನ್ ಕಿತ್ತುಕೊಳ್ಳಲು ಓಡಿ ಬಂದಳು. ನನಗೆ ಎಷ್ಟು ಹಗುರವಾಯಿತೆಂದರೆ, ಸೊಂಟದಲ್ಲಿ ಡಬ್ಬಿ ಇರುವುದೇ ಮರೆತುಹೋಯಿತು.

ನಮ್ಮ ಫ್ರಿಜ್ಜಿಗೆ ಏನೂ ಆಗಿಲ್ಲ, ಗಟ್ಟಿಮುಟ್ಟಾಗಿದೆ. ಹೇಳಿ, ನಿಮ್ಮ ಮನೆಯ ಫ್ರಿಜ್ಜಿನ ತಲೆಗೆ ನೀವು ಏನೇನು ಕಟ್ಟಿದ್ದೀರಿ?