ಉಡಿಗೆ ಬಿದ್ದ ತೊಗರಿ

ಸಿಟ್ಟು ಬಂದರೆ ನಾನು ಕೂಗಾಡುವವಳಲ್ಲ, ಯಾವುದಾದರೂ ಅರ್ಜಿ ತುಂಬಿಬಿಡುತ್ತೇನೆ. ಆನ್‌ಲೈನ್‌ನಲ್ಲಿ ಡೇಟಾ ಸೈನ್ಸ್ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕಿದ್ದೂ ಹಾಗೆಯೇ.

ನನ್ನದು ಬೆಳೆಯ ಇಳುವರಿ ಅಂದಾಜು ಮಾಡುವ ಕೆಲಸ. ಮೊದಲು ಅಫಜಲಪುರದಲ್ಲಿದ್ದೆ, ಈಗ ಆಳಂದ. ಪಟ್ಟಿಯಲ್ಲಿ ಬಂದ ಹೊಲಕ್ಕೆ ಹೋಗಿ, ಗೂಟ ಹೊಡೆದು, ಹಗ್ಗ ಬಿಗಿದು, ಹಗ್ಗದೊಳಗಿನ ಗಿಡಗಳನ್ನಷ್ಟೇ ಕೊಯ್ಯಿಸಿ ಸೂಡು ಕಟ್ಟಿಸುತ್ತೇವೆ. ತೊಗರಿಯಾದರೆ ಸೂಡು ಎಂಟು ದಿನ ರೈತರ ಅಂಗಳದಲ್ಲಿ ಒಣಗಬೇಕು. ಆಮೇಲೆ ಬಡಿದು, ತೂಗಿ, ಬರೆದುಕೊಳ್ಳುವುದು. ಊರಿನ ಇಳುವರಿ ಎಷ್ಟೆಂದು ಮೇಲಿನವರು ತಿಳಿಯುವುದು ಈ ತೂಕಗಳಿಂದಲೇ. ಒಂದು ಸಭೆಯಲ್ಲಿ ಲ್ಯಾಪ್‌ಟಾಪಿನವರೊಬ್ಬರು ನನ್ನ ಅಂಕಿಗಳನ್ನೇ ಬಣ್ಣಬಣ್ಣದ ನಕಾಶೆ ಮಾಡಿ ತೋರಿಸಿದರು. ನಾನು ಏನೋ ಹೇಳಲು ಎದ್ದು ನಿಂತರೆ, “ಹಗ್ಗ ಹಿಡಿಯೋರು ಆಮ್ಯಾಲ ಮಾತಾಡ್ರಿ” ಅಂದರು. ಆಮೇಲೆ ಚಹಾ ಬಂತು, ಸಭೆ ಮುಗಿಯಿತು.

ಮರುದಿನವೇ ಅರ್ಜಿ. ಸೀಟೂ ಸಿಕ್ಕಿತು. ಹದಿನೈದು ದಿನದ ಮಾದರಿ ಪಾಠ ಮುಗಿಸಿ, ಸೋಮವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕಿತ್ತು. ಹೂಂ ಅಂದರೆ ಎರಡು ವರ್ಷ ಪ್ರತಿ ಸಂಜೆ, ಪ್ರತಿ ಭಾನುವಾರ ಪಾಠ. ಸುಗ್ಗಿಯ ತಿಂಗಳುಗಳಲ್ಲಿ ಪರೀಕ್ಷೆ. ಎರಡನ್ನೂ ತೂಗಿಸಲಾಗದು, ಹಾಗಾಗಿ ಹೊಲದ ಕೆಲಸ ಬಿಟ್ಟು ಕಲಬುರಗಿಯಲ್ಲಿ ಕುರ್ಚಿಯ ಕೆಲಸ ಕೇಳಿಕೊಳ್ಳಬೇಕು. ಮನಸ್ಸಿನಲ್ಲೇ ಅದನ್ನೂ ಒಪ್ಪಿಕೊಂಡಾಗಿತ್ತು ಅನ್ನಿ.

ಅದೇ ಪದವಿ ಮುಗಿಸಿದ ಗೆಳತಿಯೊಬ್ಬಳು ಜೇವರ್ಗಿಯ ಆಚೆ ಯಡ್ರಾಮಿಯಲ್ಲಿದ್ದಾಳೆ. ಕಾಲೇಜಿನ ಪಾಠ ಬಿಟ್ಟು ಈಗ ಮನೆಯಿಂದಲೇ ಯಾವುದೋ ಕಂಪನಿಗೆ ಕೆಲಸ ಮಾಡುತ್ತಾಳೆ. ಫೋನ್ ಮಾಡಿದೆ.

“ನೌಕರಿ ಬದಲ ಮಾಡೋದಿದ್ರ ಕಣ್ಣ್ ಮುಚ್ಚಿ ಸೇರು. ನನಗಂತೂ ಭಾಳ ಉಪಯೋಗ ಆಗ್ಯದ,” ಅಂದಳು. “ಆದ್ರ ಯಾರಿಗೋ ತೋರಸಾಕ ಸೇರಾಕತ್ತಿದ್ರ ಬ್ಯಾಡವ್ವ. ಎರಡು ವರ್ಷ ಅಂದ್ರ ಸುಮ್ನ ಅಲ್ಲ.”

ಹೊಟ್ಟೆಕಿಚ್ಚು ಇವಳಿಗೆ ಅಂದುಕೊಂಡೆ. ಪಾಪ, ಹಾಗೇನೂ ಇರಲಿಲ್ಲ.

ಮಾದರಿ ಪಾಠದ ಕೊನೆಗೆ ಒಂದು ಅಭ್ಯಾಸ. ನಿಮ್ಮದೇ ಅಂಕಿಗಳನ್ನು ಹಾಕಿ ಅಂದಿದ್ದರು. ಆ ಸುಗ್ಗಿಯ ತೊಗರಿಯ ತೂಕಗಳನ್ನು ಡೈರಿಯಿಂದ ಇಳಿಸಿದೆ. ಪರದೆಯ ಮೇಲೆ ಎಲ್ಲ ಚುಕ್ಕಿಗಳೂ ಒಂದು ಗುಂಪಾಗಿ ಕೂತವು, ಒಂದೇ ಒಂದು ಮಾತ್ರ ಮೇಲೆ ಒಂಟಿಯಾಗಿ ನಿಂತಿತು. ಅಂಥದ್ದಕ್ಕೆ ಔಟ್‌ಲೈಯರ್ ಅನ್ನುತ್ತಾರೆ, ಮೊದಲು ಕಾರಣ ಹುಡುಕಿ, ತಪ್ಪಿದ್ದರೆ ತೆಗೆಯಿರಿ ಎಂದು ಪಾಠದಲ್ಲಿ ಹೇಳಿದ್ದರು. ನಾನು ಮೊದಲರ್ಧ ಬಿಟ್ಟು ನೇರ ತೆಗೆದೇಬಿಟ್ಟೆ. ಪೂರ್ತಿ ಅಂಕ ಬಂತು. ಐದು ನಿಮಿಷ ಹಿರಿಹಿರಿ ಹಿಗ್ಗಿದೆ.

ಆಮೇಲೆ ಕಸಿವಿಸಿ ಶುರುವಾಯಿತು. ಆ ಚುಕ್ಕಿ ಕಿಣ್ಣಿ ಸುಲ್ತಾನ ಅನ್ನುವ ಊರಿನ ಹೊಲದ್ದು. ಅಲ್ಲಿ ಹಗ್ಗ ಬಿಗಿದವಳು ನಾನೇ. ನೆಟೆ ರೋಗ ಬಿದ್ದು ಅರ್ಧ ಗಿಡ ನಿಂತಲ್ಲೇ ಒಣಗಿದ್ದ ಹೊಲ ಅದು. ಅಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಳು ಹೇಗೆ ಬಂತು? ತೂಗಿದ ದಿನ ಮೂರು ಊರು ಸುತ್ತುವುದಿತ್ತು, ಬರೆದುಕೊಂಡು ಬಸ್ಸಿಗೆ ಓಡಿದ್ದೆ. ಮೇಲಕ್ಕೆ ಕಳಿಸುವ ಪಟ್ಟಿಯಲ್ಲಿ ಅದೇ ತೂಕ ಕೂತಿತ್ತು. ಅದು ಹಾಗೆಯೇ ಮೇಲೆ ಹೋದರೆ, ಕಣ್ಣೆದುರೇ ಬೆಳೆ ಕಳೆದುಕೊಂಡ ಊರಿಗೆ ಒಳ್ಳೆಯ ಬೆಳೆ ಬಂದಿದೆ ಎಂದು ನಾನೇ ಬರೆದುಕೊಟ್ಟಂತೆ.

ಸೋಮವಾರ ಬೆಳಿಗ್ಗೆಯೇ ಹೋದೆ. ಹೊಲದೊಡತಿ ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದಳು. ವಿಷಯ ಕೇಳಿದರೆ ಮುಖ ಅರಳಿತು.

“ನಾನೇ ಎರಡು ಸೂಡು ಕೂಡಿಸೀನ್ರಿ ಅಕ್ಕೋರ. ನಮ್ಮ ತಮ್ಮನ ಹೊಲದ್ದು, ಚಲೋ ತೊಗರಿ.”

“ಯಾಕವ್ವ?”

“ಹೆಣಮಗಳು ಬಿಸಲಾಗ ನಮ್ಮ ಹೊಲಕ್ಕ ಬಂದೀರಿ. ನಿಮ್ಮ ಸೂಡು ನೋಡಿದ್ರ ಹಿಡಿ ಕಾಳು ಬರಂಗಿಲ್ಲ. ಬರಿ ಉಡೀಲೆ ಕಳಸಬೇಕೇನ್ರಿ?”

ಮನೆಗೆ ಬಂದ ಹೆಣ್ಣುಮಗಳಿಗೆ ಉಡಿ ತುಂಬಿ ಕಳಿಸಿದ್ದಳು ಅವಳು, ಸರಕಾರದ ಸೂಡಿನಲ್ಲಿ! ಈ ತೂಕದಿಂದ ಊರಿಗೇ ಒಳ್ಳೆಯ ಬೆಳೆ ಅಂತ ಆಗ್ತದವ್ವ, ಯಾರಿಗೂ ಬೆಳೆ ವಿಮೆ ಬರಂಗಿಲ್ಲ ಎಂದು ಬಿಡಿಸಿ ಹೇಳಿದೆ. ಬಾಯಿಗೆ ಸೆರಗು ಒತ್ತಿಕೊಂಡಳು.

ಅಷ್ಟರಲ್ಲಿ ಫೋನ್ ಬಂತು. ಪ್ರವೇಶ ವಿಭಾಗದವಳು, ಇವತ್ತೇ ಕೊನೆಯ ದಿನ ಮೇಡಂ ಅಂದಳು. ಹತ್ತು ನಿಮಿಷ ಬಿಟ್ಟು ಹೇಳುತ್ತೇನೆ ಎಂದು ಇಟ್ಟೆ.

“ಯಾರ್ರಿ?”

“ಓದಾಕ ಕರಿಯಾಕತ್ತಾರ. ಅಂಕಿಯೊಳಗ ತಪ್ಪ ಎಲ್ಲದ ಅಂತ ಹುಡಕೋ ಓದು.”

ಅವಳು ಮೊರ ಕೆಳಗಿಟ್ಟಳು. “ಅದನ್ನ ಹುಡಕ್ಕೋತನ ಬಂದೀರಲ್ರಿ ಈಗ.”

ಅವಳು ಹೊಗಳಲು ಹೇಳಿದ್ದಲ್ಲ, ಕಂಡದ್ದನ್ನು ಹೇಳಿದ್ದಳು. ನನಗೆ ಗೆಳತಿಯ ಮಾತು ನೆನಪಾಯಿತು. ನೌಕರಿ ಬದಲಿಸುವ ಆಸೆ ನನಗಿತ್ತೇ? ಇರಲಿಲ್ಲ. ಸಭೆಯಲ್ಲಿ ಕೂರಿಸಿದವನೆದುರು ಎದ್ದು ನಿಲ್ಲಬೇಕಿತ್ತು, ಅಷ್ಟೇ. ಅದಕ್ಕೆ ಎರಡು ವರ್ಷದ ಸಂಜೆಗಳನ್ನು, ಈ ಹೊಲಗಳನ್ನು ಕೊಡಲು ಹೊರಟಿದ್ದೆ. ಫೋನ್ ಮಾಡಿ ಬೇಡ ಅಂದೆ. ಹೆಗಲ ಮೇಲಿಂದ ಮೂಟೆ ಇಳಿಸಿದ ಹಾಗಾಯಿತು. ಪುಕ್ಕಟೆ ಸಿಗುವ ನಾಲ್ಕು ಪಾಠ ಕಲಿತರೆ ನನ್ನ ಡೈರಿಗೆ ಸಾಕು. ಸ್ವಲ್ಪ ಬೇಜಾರೂ ಇತ್ತು, ಸುಳ್ಳು ಯಾಕೆ ಹೇಳಲಿ.

ಪಟ್ಟಿ ಇನ್ನೂ ಕಚೇರಿಯಲ್ಲೇ ಇತ್ತು. ತಪ್ಪು ನನ್ನದೆಂದು ಬರೆದುಕೊಟ್ಟು, ಬಯ್ಯಿಸಿಕೊಂಡು, ಅವಳ ಹೊಲ ಕೊಯ್ಲಾಗಿದ್ದರಿಂದ, ಅದೇ ನೆಟೆ ಬಿದ್ದು ಇನ್ನೂ ಕೊಯ್ಯದೆ ಉಳಿದಿದ್ದ ಪಕ್ಕದ ಹೊಲದಲ್ಲಿ ಮತ್ತೆ ಹಗ್ಗ ಬಿಗಿದೆ. ಎಂಟು ದಿನ ಬಿಟ್ಟು ಹೋದಾಗ ಸೂಡನ್ನು ಅದೇ ಹೆಂಗಸು ತನ್ನ ಅಂಗಳದಲ್ಲಿ ಕಾದಿಟ್ಟಿದ್ದಳು, ಯಾರನ್ನೂ ಹತ್ತಿರ ಬಿಟ್ಟಿರಲಿಲ್ಲವಂತೆ. ಬಡಿದು ತೂಗಿದೆವು. ಕಾಳು ತೀರಾ ಕಡಿಮೆ ಬಂತು. ನಾನು ಇದ್ದದ್ದನ್ನು ಇದ್ದ ಹಾಗೆ ಬರೆದೆ.

ಡೈರಿ ಮುಚ್ಚುವವರೆಗೂ ಕಾದಿದ್ದು, ಅವಳು ಒಳಗೆ ಹೋಗಿ ಮೊರದಲ್ಲಿ ಬೇರೆ ತೊಗರಿ ತಂದಳು.

“ಇದು ಸರಕಾರದ್ದಲ್ರಿ, ನಿಮ್ಮದು. ಒಡ್ರಿ ಉಡಿ.”

ಸೀರೆ ಉಟ್ಟಿರಲಿಲ್ಲ, ದುಪಟ್ಟಾ ಒಡ್ಡಿದೆ.