ಅಡುಗೆಮನೆಯಿಂದ ಬರೋ ನಗು

ಸ್ವಲ್ಪ ತಾಳಿ, ಎದ್ದು ಹೋಗ್ಬೇಡಿ. ಶುರುವಲ್ಲಿ ಬರೀ ಆಸ್ಪತ್ರೆ. ಆದ್ರೆ ಮುಂದೆ ನಮ್ಮ ಜಯತ್ತೆ ಸಿಕ್ಕಿಬೀಳೋ ಜಾಗ ಒಂದಿದೆ, ಅದಕ್ಕೋಸ್ಕರನಾದ್ರೂ ಕೂತಿರಿ.

ಶಾಮಮಾವ ನಮ್ಮಮ್ಮನ ಅಣ್ಣ. ಟೀವಿ ಕಾಮಿಡಿ ಧಾರಾವಾಹಿ ಬರೆಯೋದೂ ಅವ್ರೇ, ಅದ್ರಲ್ಲಿ ಕೊಡೆ ಕಿಟ್ಟಣ್ಣ ಆಗೋದೂ ಅವ್ರೇ. ಕಿಟ್ಟಣ್ಣ ಅಂದ್ರೆ ಮನೆಯೊಳಗೂ ಕೊಡೆ ಮಡಚದ, ಮನೆ ಖಾಲಿ ಮಾಡದ ಬಾಡಿಗೆದಾರ. ಜಯತ್ತೆ ಮಾವನ ಹೆಂಡ್ತಿ. ಇಬ್ರೂ ಬಳೇಪೇಟೆಗೆ ಹೋದ್ರೆ ಅಂಗಡಿಯೋರೆಲ್ಲಾ "ಕಿಟ್ಟಣ್ಣಾ, ಕೊಡೆ ಎಲ್ಲಿ?" ಅಂತ ಮುತ್ಕೋತಾರೆ. ಅತ್ತೆಗೆ ಬಳೆ ತೋರ್ಸೋರೇ ಇಲ್ಲ.

ಬರೀತಾರೆ ಅಂದ್ನಲ್ಲ, ಮಾವ ಪೆನ್ನೇ ಮುಟ್ಟಲ್ಲ. ಚಾಮರಾಜಪೇಟೆ ಮನೆ ಹಾಲಲ್ಲಿ ಓಡಾಡ್ಕೊಂಡು ಎಲ್ಲಾ ಪಾತ್ರಾನೂ ತಾವೇ ಮಾತಾಡ್ತಾರೆ, ನಾನು ಬರ್ಕೋತೀನಿ. ಯಾರೂ ಕರೀಲಿಲ್ಲ, ಪಿಯುಸಿ ಮುಗಿದ್ಮೇಲೆ ನಾನೇ ಗೋಗರೆದು ಸೇರ್ಕೊಂಡೆ. ಅಡುಗೆಮನೇಲಿ ಅತ್ತೆ ನಕ್ರೆ ಡೈಲಾಗ್ ಪಾಸು. ನಗ್ಲಿಲ್ಲಾಂದ್ರೆ ಹೊಡೆದುಹಾಕು. ಮೊದಲ ಎಪಿಸೋಡಿಂದ ಇದೇ ರೂಲು.

ಆವತ್ತು ಬೆಳಿಗ್ಗೆ ಕಾಫಿ ಕುಡೀತಾ ಮಾವನ ಬಾಯಿ ಒಂದು ಕಡೆ ಸೊಟ್ಟಗಾಯ್ತು. ಕಾಫಿ ಬನಿಯನ್ ಮೇಲೆ. ಮಾತು ತೊದಲ್ತು. ನಾನು ಹೊಸ ಪಾತ್ರ ಅಂದ್ಕೊಂಡು ಪೆನ್ ತಗೊಂಡೆ! ಅಡುಗೆಮನೆಯಿಂದ ಅತ್ತೆ ಜೋರಾಗಿ ನಕ್ರು.

ಪಾಸಾಗಿದ್ದು ಸ್ಟ್ರೋಕ್.

ಲೋಟ ಬಿದ್ಮೇಲೇ ನಮಗೆ ಗೊತ್ತಾಗಿದ್ದು. ಆಟೋ. ಎಮರ್ಜೆನ್ಸಿ. ಸಿಟಿ ಸ್ಕ್ಯಾನ್. ಡಾಕ್ಟ್ರು ಟೀವಿ ನೋಡದೋರು.

"ನಿಮ್ಮ ಹೆಸರೇನು ಸರ್?"

"ಕೊ... ಡೆ ಕಿಟ್ಟಣ್ಣ."

ಡಾಕ್ಟ್ರು ಗಂಭೀರವಾಗಿ "ಕನ್‌ಫ್ಯೂಷನ್ ಇದೆ" ಅಂತ ಬರ್ಕೊಂಡ್ರು. ಪಕ್ಕದಲ್ಲಿದ್ದ ಸಿಸ್ಟರ್, "ಇಲ್ಲ ಡಾಕ್ಟ್ರೇ, ಅದೂ ಅವ್ರ ಹೆಸ್ರೇ!"

ಎರಡು ವಾರ ವಾರ್ಡು. ಬಲಗೈ ಏಳ್ತಿರ್ಲಿಲ್ಲ. ಮಾತು ಬರ್ತಿತ್ತು, ಆದ್ರೆ ಲೇಟಾಗಿ. ಒಂದಿನ ಮಾವ ಗೋಡೆ ನೋಡ್ತಾ, "ನಗಿಸೋನು ಒಂದು ಸೆಕೆಂಡ್ ಲೇಟಾದ್ರೆ ಮುಗೀತಮ್ಮ" ಅಂದ್ರು. ನಾನು ಕಾಲು ಒತ್ತಿದೆ.

ಮನೆಗೆ ಕಳಿಸ್ವಾಗ ಡಾಕ್ಟ್ರು, "ಖುಷಿಯಾಗಿಡಿ ಅವ್ರನ್ನ" ಅಂದ್ರು. ಅತ್ತೆ ಅದನ್ನ ಮಾತ್ರೆ ಥರ ಪಾಲಿಸಿದ್ರು. ಮಾವ ಏನಂದ್ರೂ ನಗು. ಆವತ್ತು ನಗಬಾರದ ಕಡೆ ನಕ್ಬಿಟ್ಟೆ ಅನ್ನೋ ಸಂಕಟಕ್ಕೇ ಅವ್ರು ನಗು ಬರದ ಕಡೆಯೆಲ್ಲಾ ನಗ್ತಿದ್ರು ಅಂತ ಈಗ ನಂಗನ್ಸುತ್ತೆ.

ಮಾವನಿಗೆ ಅನುಮಾನ ಬಂತು. ಒಂದು ಕಾಗದ ಹಿಡ್ಕೊಂಡು, ಕಿಟ್ಟಣ್ಣನ ದನೀಲಿ ತೊದಲ್ತಾ ಏನೋ ಓದಿದ್ರು. ಒಳಗಿಂದ ಅತ್ತೆ, "ಅಯ್ಯೋ ಸಾಕ್ರೀ, ಹೊಟ್ಟೆ ಹುಣ್ಣಾಯ್ತು!"

"ಜಯಾ, ಅದು ನನ್ನ ಡಿಸ್ಚಾರ್ಜ್ ಸಮ್ಮರಿ ಕಣೇ."

ಒಗ್ಗರಣೆ ಸೀದ ವಾಸನೆ ಬಂತು.

"ನೀನೇ ಸುಳ್ಳು ನಕ್ರೆ ಯಾವ್ದು ಇಡ್ಲಿ, ಯಾವ್ದು ಬಿಡ್ಲಿ?" ಅಂದ್ರು ಮಾವ. ನನ್ನ ನೋಟ್‌ಬುಕ್ ಬೀರು ಸೇರ್ತು.

ಆಮೇಲೆ ಒಂದು ತಿಂಗಳು ಬರೀ ಫಿಸಿಯೋಥೆರಪಿ, ಕನ್ನಡಿ ಮುಂದೆ ಪ ಪಾ ಪಿ ಪೀ. ಗವಿಪುರಂ ಕಡೆ ಕೋಲು ಹಿಡ್ಕೊಂಡು ವಾಕಿಂಗ್. ಅಲ್ಲಿ ಹೂ ಮಾರೋ ಅಜ್ಜಿ, "ಕಿಟ್ಟಣ್ಣಾ, ನಿಂಗ್ಯಾಕಪ್ಪಾ ಕೋಲು? ಕೊಡೆ ಊರ್ಕೊಂಡು ಬಾ!" ಅಂದ್ರು. ಮಾವ ಅಲ್ಲಿಂದ್ಲೇ ವಾಪಸ್ ತಿರುಗಿದ್ರು. ಮನೆಗೆ ಬಂದು, "ನೋಟ್‌ಬುಕ್ ತಗೀಮ್ಮ" ಅಂದ್ರು.

ಹೊಸ ಸೀನು. ಕೊಡೆ ಊರ್ಕೊಂಡು ನಡೆಯೋ ಕಿಟ್ಟಣ್ಣಂಗೆ ಈಗ ಮಾತು ನಿಧಾನ. ಮನೆ ಖಾಲಿ ಮಾಡಿ ಅನ್ನೋಕೆ ಬಂದ ಓನರ್, ಉತ್ತರಕ್ಕೆ ಕಾದೂ ಕಾದೂ ಅಲ್ಲೇ ಊಟ ಮಾಡಿ, ಮಲಗೇ ಬಿಡ್ತಾನೆ.

ನಾನು ಬಿದ್ದು ಬಿದ್ದು ನಕ್ಕೆ. ಅಡುಗೆಮನೆ ಸುಮ್ಮನೆ. ಕುಕ್ಕರ್ ಎರಡು ಸಲ ಕೂಗ್ತು. ಸೌಟು ಹಿಡ್ಕೊಂಡು ಅತ್ತೆ ಹೊರಗೆ ಬಂದ್ರು.

"ರೀ, ಓನರ್ ಊಟ ಮಾಡೋದು ಸರಿ. ಮಲಗೋದು ಹಳೇದು. ಹೋದ್ವರ್ಷ ಇನ್ಶೂರೆನ್ಸ್ ಏಜೆಂಟ್‌ನ ಮಲಗಿಸಿದ್ರಲ್ಲ? ತೆಗೀರಿ."

ಮಾವನ ಅರ್ಧ ಬಾಯಿ ನಕ್ತು. ಇನ್ನರ್ಧನೂ ಟ್ರೈ ಮಾಡ್ತು.

"ಹೊಡೆದುಹಾಕಮ್ಮ," ಅಂದ್ರು. ಇಷ್ಟು ಖುಷಿಯಾಗಿ ನಾನು ಯಾವ ಲೈನೂ ಹೊಡೆದುಹಾಕಿಲ್ಲ.

ಬಾಯಿ ಇನ್ನೂ ಪೂರ್ತಿ ನೆಟ್ಟಗಾಗಿಲ್ಲ. ಬಲಗೈ ಭುಜದ ತನಕ ಏಳುತ್ತೆ, ಅಷ್ಟೆ. ಶೂಟಿಂಗ್ ವಾರಕ್ಕೆ ಒಂದೇ ದಿನ. ಪರವಾಗಿಲ್ಲ. ನಿನ್ನೆ ಅತ್ತೆ ಆರು ಡೈಲಾಗ್ ತೆಗೆಸಿದ್ರು, ದೇವ್ರು ಚೆನ್ನಾಗಿಟ್ಟಿರ್ಲಿ ಅವ್ರನ್ನ.

ನಿಮ್ಮನೇಲೂ ಯಾರಿಗಾದ್ರೂ ಹುಷಾರಿಲ್ದೇ ಇದ್ದಾಗ ಎಲ್ರೂ ಇದ್ದಕ್ಕಿದ್ದಂಗೆ ತೀರಾ ಒಳ್ಳೆಯೋರಾಗ್ಬಿಟ್ಟಿದ್ರಾ? ಕೊನೆಗೆ ಧೈರ್ಯ ಮಾಡಿ ಮೊದಲು ಬೈದೋರು ಯಾರು? ನಂಗೆ ಬರೆದು ಹೇಳಿ. ಅತ್ತೆಗೆ ಓದಿ ಹೇಳ್ತೀನಿ. ನಗ್ತಾರೋ ಇಲ್ವೋ, ಗ್ಯಾರಂಟಿ ಕೊಡಲ್ಲ.