ಟೇಪಕ್ಕನ ಸ್ವಂತ ಅಳತೆ

ಟೇಪಕ್ಕನ ಹೊಲಿಗೆ ಅಂಗಡಿಯ ಮುಂದೆ ಹಾದುಹೋಗುವ ಹೆಂಗಸರಿಗೆಲ್ಲ ಒಂದು ಅಭ್ಯಾಸವಿತ್ತು. ಅಂಗಡಿಯ ಬಾಗಿಲು ಬಂತೆಂದರೆ ಉಸಿರು ಹಿಡಿದು ಹೊಟ್ಟೆಯನ್ನು ಒಳಗೆಳೆದುಕೊಳ್ಳುವರು. ಪಕ್ಕದ ಬೇಕರಿಯ ಬಾಗಿಲಿನಲ್ಲಿ ಬಿಡುವರು. ಬೇಕರಿಯವನ ವ್ಯಾಪಾರಕ್ಕೆ ಇದರಿಂದ ತೊಂದರೆಯೇನೂ ಆಗಲಿಲ್ಲ.

ಕತ್ತರಿಸುವ ಮೇಜಿನ ಹಿಂದೆ ನಿಂತ ಅವಳ ಕೊರಳಲ್ಲಿ ಹಳದಿ ಟೇಪು ಸದಾ ನೇತಾಡುತ್ತಿತ್ತು. ಹೆಸರು ಬಂದದ್ದೂ ಅದರಿಂದಲೇ. ಆದರೆ ಅದು ಹೆಚ್ಚುಕಡಿಮೆ ಆಭರಣ; ಅಳತೆ ತೆಗೆಯುತ್ತಿದ್ದದ್ದು ಅವಳ ಕಣ್ಣು. ಬೀದಿಯ ಆಚೆ ಬದಿಯಲ್ಲಿ ನಡೆದುಹೋಗುವವಳ ಸೊಂಟವನ್ನು ಈಚೆಯಿಂದಲೇ ಹೇಳಬಲ್ಲಳು. ಹೇಳುತ್ತಿರಲಿಲ್ಲ, ಅಷ್ಟೆ. ಅಂಕಿಯನ್ನು ಬಾಯಿಬಿಟ್ಟು ಹೇಳದಿರುವುದರಲ್ಲೇ ಅವಳ ಅರ್ಧ ವ್ಯಾಪಾರ ಇತ್ತು. ಹೋದ ವರ್ಷದ ಉಡುಪು ಈ ವರ್ಷ ಹಿಡಿಯುವುದಿಲ್ಲವೆಂದು ಯಾರಾದರೂ ಸಪ್ಪೆ ಮುಖ ಹೊತ್ತು ಬಂದರೆ, “ಒಗೆದಾಗ ಕುಗ್ಗಿದೆ ಬಿಡಿ, ಈಗಿನ ಬಟ್ಟೆನೇ ಹಾಗೆ” ಎಂದು ಒಳಗೆ ಮಡಿಸಿಟ್ಟಿದ್ದ ಬಟ್ಟೆಯನ್ನು ಬಿಚ್ಚಿ ಅಗಲ ಮಾಡಿ ಕೊಡುವಳು. ಆ ಊರಿನ ಬಟ್ಟೆಗಳು ಕುಗ್ಗಿದಷ್ಟು ಜಗತ್ತಿನಲ್ಲಿ ಬೇರೆಲ್ಲೂ ಕುಗ್ಗಿರಲಾರವು. ರೇಷ್ಮೆ ಕುಗ್ಗಿತು, ನೈಲಾನು ಕುಗ್ಗಿತು, ಒಮ್ಮೆ ಒಬ್ಬಾಕೆಯ ರೇನ್‌ಕೋಟೂ ಕುಗ್ಗಿತು.

ಟೇಪಕ್ಕ ಸ್ವತಃ ದಪ್ಪ. ಮೈಕೈ ತುಂಬಿಕೊಂಡವಳು ಎಂದು ಸುತ್ತಿ ಬಳಸಿ ಹೇಳುವ ಅಗತ್ಯವಿಲ್ಲ. ನೇರವಾಗಿ ಹೇಳಲೆಂದೇ ಮನೆಯಲ್ಲಿ ಒಬ್ಬಳು ನಾದಿನಿ ಇದ್ದಳು. ಗಂಡನ ತಂಗಿಯಾದ ಆಕೆ ಅಂಗಡಿಯಲ್ಲಿ ಗುಂಡಿ ಹಚ್ಚುತ್ತ, ಕಾಜ ಹೊಲಿಯುತ್ತ, ಬಿಡುವಾದಾಗ ಅತ್ತಿಗೆಯ ಮೈಯ ಬಗ್ಗೆ ಊರಿನ ಪರವಾಗಿ ಚಿಂತೆ ಮಾಡುತ್ತಿದ್ದಳು. ಬಿಡುವು ಬೇಕಾದಷ್ಟಿತ್ತು. ಟೇಪಕ್ಕ ಇದನ್ನೆಲ್ಲ ಕೇಳಿಯೂ ಕೇಳದವಳ ಹಾಗೆ ಯಂತ್ರ ತುಳಿಯುತ್ತ ವರ್ಷಗಳನ್ನೇ ಕಳೆದಿದ್ದಳು. ಮೈ ತನ್ನದು, ಹೊರುವವಳೂ ತಾನೇ. ಇನ್ನೊಬ್ಬರಿಗೆ ಏನು ಭಾರ ಎಂಬುದು ಅವಳ ವಾದ.

ವಾದ ಮುರಿದುಬಿದ್ದದ್ದು ಒಂದು ಮಧ್ಯಾಹ್ನ, ಒಬ್ಬ ಮದುಮಗಳ ಗೌನಿನ ಕೆಳಗೆ.

ಉದ್ದನೆಯ ಗೌನಿನ ಅಂಚು ಗುರುತು ಮಾಡಬೇಕಾದರೆ ಹೊಲಿಯುವವಳು ನೆಲಕ್ಕಿಳಿಯಲೇಬೇಕು. ತೊಟ್ಟವಳು ಕಂಬದ ಹಾಗೆ ನಿಂತಿರುತ್ತಾಳೆ. ಇವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಮಂಡಿಯ ಮೇಲೆ ಸರಿಯುತ್ತ, ಸುತ್ತಲೂ ಬಟ್ಟೆಯನ್ನು ಮಡಿಸಿ ಚುಚ್ಚುತ್ತ ಬರಬೇಕು. ಟೇಪಕ್ಕ ಅಂದೂ ಇಳಿದಳು, ಒಂದು ಸುತ್ತು ಬಂದಳು, ಮುಗಿಸಿದಳು. ಏಳಲು ಹೋದರೆ ಮಂಡಿಗಳು ಒಪ್ಪಲಿಲ್ಲ. ಮೇಜು ಕೈಗೆಟುಕುವಷ್ಟು ಹತ್ತಿರವಿರಲಿಲ್ಲ. ಮದುಮಗಳನ್ನು ಹಿಡಿದುಕೊಂಡು ಏಳುವುದೆಂದರೆ ಗೌನನ್ನು ಕೆಳಗೆಳೆದುಕೊಂಡೇ ಏಳಬೇಕಿತ್ತು. ಮರ್ಯಾದೆಗೆ ಅಂಜಿ ಟೇಪಕ್ಕ, ಏನೋ ಅನುಮಾನ ಬಂದವಳ ಹಾಗೆ ಇನ್ನೊಂದು ಸುತ್ತು ಬಂದಳು. ಆಮೇಲೆ ಮತ್ತೊಂದು.

“ಅಂಚು ಸರಿಯಾಗಿಲ್ವಾ ಅಕ್ಕ?” ಎಂದಳು ಮದುಮಗಳು, ಮೇಲಿನಿಂದ.

ಕೊನೆಗೆ ನಾದಿನಿಗೆ ಹೊಳೆಯಿತು. ಅವಳು ಒಂದು ತೋಳು, ಮದುಮಗಳ ತಾಯಿ ಇನ್ನೊಂದು ತೋಳು ಹಿಡಿದು, ಕೆಸರಿನಲ್ಲಿ ಹೂತ ಗಾಡಿಯನ್ನು ಎತ್ತುವವರ ಹಾಗೆ ದಮ್ಮು ಕಟ್ಟಿ ಎತ್ತಿದರು. ಬಾಯಲ್ಲಿ ಸೂಜಿಗಳಿದ್ದುದರಿಂದ ಟೇಪಕ್ಕ ಏನೂ ಹೇಳಬೇಕಾಗಲಿಲ್ಲ. ಅದೊಂದೇ ಆ ದಿನದ ಪುಣ್ಯ.

ಮಾರನೆಯ ದಿನದಿಂದ ಅಂಗಡಿಯಲ್ಲಿ ಹೊಸ ಪದ್ಧತಿ ಬಂತು. ಹೊಲಿಯುವವಳು ಇಳಿಯಲಾರದಿದ್ದರೆ ಗಿರಾಕಿಯೇ ಏರಲಿ ಎಂದು ಎಲ್ಲರನ್ನೂ ಕತ್ತರಿಸುವ ಮೇಜಿನ ಮೇಲೆ ಹತ್ತಿಸಿ ನಿಲ್ಲಿಸತೊಡಗಿದಳು. ಹುಡುಗಿಯರಿಗೆ ಇದು ಖುಷಿಯಾಯಿತು. ಬೀದಿಯ ಹುಡುಗರಿಗೆ ಇನ್ನೂ ಖುಷಿಯಾಯಿತು. ವಯಸ್ಸಾದವರಿಗೆ ಆಗಲಿಲ್ಲ. ಬಹಳ ವರ್ಷಗಳಿಂದ ಇವಳ ಹತ್ತಿರವೇ ಹೊಲಿಸುತ್ತಿದ್ದ, ಈಗ ಶಾಲೆಯಿಂದ ನಿವೃತ್ತರಾದ ದೊಡ್ಡ ಟೀಚರು ಒಂದು ದಿನ ಬಂದು, ಮೇಜನ್ನು ನೋಡಿದರು, ಸ್ಟೂಲನ್ನು ನೋಡಿದರು, ತಮ್ಮ ಮಂಡಿಗಳನ್ನೂ ನೋಡಿಕೊಂಡರು.

“ನಾನು ಬಟ್ಟೆ ಹೊಲಿಸೋಕೆ ಬಂದಿದ್ದು ಕಣಮ್ಮ, ಬೆಟ್ಟ ಹತ್ತೋಕಲ್ಲ” ಎಂದು ಬಟ್ಟೆಯನ್ನು ಬಗಲಿಗೆ ಸೇರಿಸಿಕೊಂಡು ಹೊರಟರು. ಬೀದಿಯ ಮೂಲೆಯಲ್ಲಿ ಹೊಸದಾಗಿ ಅಂಗಡಿ ಹಾಕಿದ್ದ ಹುಡುಗಿ ರಬ್ಬರಿನ ಚೆಂಡಿನ ಹಾಗೆ ಕೂತು ಎದ್ದು ಮಾಡುತ್ತಿದ್ದಳು. ಅವರ ಹಿಂದೆ ಇನ್ನೂ ಕೆಲವರು ಅತ್ತಲೇ ನಡೆದರು.

ನಾದಿನಿ ತನ್ನ ಕಡೆಯಿಂದ ಪರಿಹಾರ ಮುಂದಿಟ್ಟಳು. ಅತ್ತಿಗೆ ಯಂತ್ರದ ಮುಂದೆ ಕೂತಿರಲಿ, ಅಂಚಿನ ಕೆಲಸ ತಾನು ನೋಡಿಕೊಳ್ಳುತ್ತೇನೆ. ನೋಡಿಕೊಂಡಳು ಕೂಡ. ಅವಳು ಗುರುತು ಮಾಡಿದ ಸ್ಕರ್ಟಿನ ಅಂಚು ಘಟ್ಟದ ರಸ್ತೆಯ ಹಾಗೆ ಏರಿ ಇಳಿದು ತಿರುವು ತೆಗೆದುಕೊಂಡಿತು. ಟೇಪಕ್ಕನಿಗೆ ಅಂದು ರಾತ್ರಿ ಊಟ ಸೇರಲಿಲ್ಲ. ನೆಲಕ್ಕಿಳಿದು ತಾನೇ ಎದ್ದು ನಿಲ್ಲಲಾರದ ದಿನ ಈ ಅಂಗಡಿ ತನ್ನದಲ್ಲ, ಒಂದೋ ಮೂಲೆಯ ಹುಡುಗಿಯದು, ಇಲ್ಲವೇ ನಾದಿನಿಯದು. ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದೆಂದು ಅವಳಿಗೆ ತೀರ್ಮಾನಿಸಲಾಗಲಿಲ್ಲ.

ಎದುರಿನ ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಜಿಮ್ಮು ತೆರೆದು ಬಹಳ ದಿನವಾಗಿತ್ತು. ಗಾಜಿನ ಗೋಡೆಯ ಹಿಂದೆ ಜನ ಎಲ್ಲಿಗೂ ತಲುಪದೆ ಓಡುವುದು ಟೇಪಕ್ಕನ ಯಂತ್ರದ ಬಳಿಯಿಂದ ಚೆನ್ನಾಗಿ ಕಾಣುತ್ತಿತ್ತು. ತಾನು ಅಲ್ಲಿ ನಿಂತರೂ ಬೀದಿಗೆಲ್ಲ ಹಾಗೇ ಕಾಣುತ್ತೇನೆ ಎಂಬುದೇ ಅವಳ ಕಷ್ಟ. ಹೋಗಬಾರದೇಕೆ ಎಂದು ಕೇಳಿದವನು ಗಂಡ. ದಿನವಿಡೀ ಬಸ್ಸಿನ ಸ್ಟಿಯರಿಂಗಿನ ಹಿಂದೆ ಕೂತು ಕೂತು ಅವನ ಹೊಟ್ಟೆಯೇ ಅರ್ಧ ಸ್ಟಿಯರಿಂಗ್ ತಿರುಗಿಸುತ್ತಿತ್ತು. ಆದರೆ ಗಂಡಸಿನ ಹೊಟ್ಟೆ ಗಂಡಸಿನದು, ಅದರ ಬಗ್ಗೆ ಯಾರೂ ಸಭೆ ಸೇರುವುದಿಲ್ಲ. ಸ್ವಲ್ಪ ಇಳಿದ ಮೇಲೆ ಹೋಗುತ್ತೇನೆ, ಈಗಲೇ ಹೋದರೆ ನೋಡಿದವರು ನಗುತ್ತಾರೆ ಎಂದಳು ಟೇಪಕ್ಕ.

“ಅಂದ್ರೆ ಜ್ವರ ಬಿಟ್ಟ ಮೇಲೆ ಡಾಕ್ಟರ ಹತ್ರ ಹೋಗ್ತೀಯಾ?” ಎಂದು ಅವನು ಮಗ್ಗುಲು ಬದಲಿಸಿದ.

ಸರಿ, ಹೋಗುವುದೆಂದಾಯಿತು. ಆದರೆ ಏನು ಹಾಕಿಕೊಂಡು? ಅಂಗಡಿಗಳಲ್ಲಿ ಸಿಗುವ ಜಿಮ್ಮಿನ ಬಟ್ಟೆಗಳನ್ನು ಟೇಪಕ್ಕ ತಿರುವಿ ಹಾಕಿ ನೋಡಿ ಮೂಗು ಮುರಿದಳು. ಒಂದೇ ಹೊಲಿಗೆ, ಒಳಗೆ ಒಂದು ನೂಲಿನಷ್ಟೂ ಬಟ್ಟೆ ಬಿಟ್ಟಿಲ್ಲ; ಇಂಥದ್ದನ್ನು ಹಾಕಿಕೊಂಡು ಬಗ್ಗುವುದೆಂದರೆ ದೇವರ ಮೇಲೆ ಭಾರ ಹಾಕಿ ಬಗ್ಗಬೇಕು. ತಾನೇ ಹೊಲಿದುಕೊಳ್ಳುತ್ತೇನೆ ಎಂದಳು. ಬಟ್ಟೆ ಆರಿಸಲು ಒಂದು ವಾರ ಹೋಯಿತು. ಬಣ್ಣಕ್ಕೆ ಇನ್ನೊಂದು. ದಾರ ಬಣ್ಣಕ್ಕೆ ಹೊಂದಲಿಲ್ಲವೆಂದು ಮತ್ತೊಂದು. ಮದುವೆಯ ಗೌನಿಗೂ ಹಾಕದಷ್ಟು ನಾಜೂಕನ್ನು ಅವಳು ಬೆವರಿನಲ್ಲಿ ನೆನೆಯುವ ಬಟ್ಟೆಗೆ ಹಾಕಿದಳು. ಹೀಗೇ ಹೋಗಿದ್ದರೆ ಉಡುಪು ಮುಗಿಯುವಷ್ಟರಲ್ಲಿ ಜಿಮ್ಮೇ ಮುಚ್ಚಿರುತ್ತಿತ್ತು, ಅವಳ ಆಸೆಯೂ ಹೆಚ್ಚುಕಡಿಮೆ ಅದೇ ಆಗಿತ್ತು.

ಕೊನೆಗೆ ಉಳಿದದ್ದು ಅಳತೆ. ತನ್ನ ಅಳತೆ ತಾನೇ ತೆಗೆಯಲಾಗುವುದಿಲ್ಲ. ಟೇಪು ನೋಡಲು ಬಗ್ಗಿದರೆ ಸೊಂಟ ಬದಲಾಗುತ್ತದೆ, ಕೈ ಎತ್ತಿದರೆ ಎದೆ ಬದಲಾಗುತ್ತದೆ. ಇನ್ನೊಬ್ಬರು ಹಿಡಿಯಬೇಕು. ನಾದಿನಿ ಎಂದೂ ಇಲ್ಲದ ಉತ್ಸಾಹದಿಂದ ಟೇಪು ಬಿಡಿಸಿ ನಿಂತಳು. ಆ ಮುಖ ನೋಡಿದ ಮೇಲೆ ಟೇಪಕ್ಕ ಬೇಡವೆಂದಳು. ಸಂಜೆ ಅಂಗಡಿಯ ಬಾಗಿಲು ಎಳೆದು, ಕನ್ನಡಿಯ ಪರದೆ ಸರಿಸಿ, ಒಂದು ಸಲ ನೋಡಿಕೊಂಡಳು. ತಕ್ಷಣ ಪರದೆ ಎಳೆದು ಕತ್ತರಿ ಕೈಗೆತ್ತಿಕೊಂಡಳು. ಊರಿನ ಯಾವ ಸೊಂಟಕ್ಕೂ ತಪ್ಪದ ಕಣ್ಣು ಅದು. ಆ ಕಣ್ಣಿನ ಮೇಲೆ ನಂಬಿಕೆಯಿಟ್ಟು ಕತ್ತರಿಸಿದಳು, ಹೊಲಿದಳು, ಹಾಕಿ ನೋಡಲಿಲ್ಲ. ಹಾಕಿ ನೋಡಿದರೆ ಆಮೇಲೆ ಜಿಮ್ಮಿಗೆ ಹೋಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಹೆಂಗಸರಿಗೆಂದು ಇಟ್ಟ ಮಧ್ಯಾಹ್ನದ ಹೊತ್ತಿನಲ್ಲಿ ಅವಳು ಬೀದಿ ದಾಟಿ ಮೆಟ್ಟಿಲು ಹತ್ತಿದಳು. ಮೇಲೆ ಕಡ್ಡಿಯಂಥ ಹುಡುಗಿಯರು ಸಾಲಾಗಿ ನಿಂತು ತನ್ನತ್ತ ತಿರುಗುತ್ತಾರೆಂದು ಮೆಟ್ಟಿಲು ಮೆಟ್ಟಿಲಿಗೂ ಅಳುಕುತ್ತಿದ್ದಳು. ಬಟ್ಟೆ ಬದಲಿಸುವ ಕೋಣೆಯ ದೀಪ ಹಾಕದೆಯೇ ಉಡುಪು ತೊಟ್ಟು, ಬಾಗಿಲು ತೆರೆದು ಹೊರಗೆ ಬಂದಳು.

ಕಡ್ಡಿಯಂಥವರು ಯಾರೂ ಇರಲಿಲ್ಲ. ಇದ್ದವರೆಲ್ಲ ಅವಳ ಗಿರಾಕಿಗಳು. ಒಂದು ಗಳಿಗೆ ಯಂತ್ರಗಳನ್ನು ಬಿಟ್ಟು ಬೇರೇನೂ ಅಲುಗಾಡಲಿಲ್ಲ. ಔಷಧಿ ಅಂಗಡಿಯವನ ಹೆಂಡತಿ ಟವೆಲನ್ನು ಹೊಟ್ಟೆಯ ಮೇಲೆ ಹರಡಿಕೊಂಡಳು. ಸೈಕಲ್ ತುಳಿಯುತ್ತಿದ್ದ ಕಾಲೇಜಿನ ಮೇಡಂ ಹೊಟ್ಟೆ ಒಳಗೆಳೆದುಕೊಂಡೇ ತುಳಿಯಲು ಹೋಗಿ ಕೆಮ್ಮು ಹತ್ತಿಸಿಕೊಂಡರು. ಬ್ಯಾಂಕಿನ ಕ್ಯಾಷಿಯರು ಕಂಬದ ಹಿಂದೆ ಸರಿದಳು, ಕಂಬ ಸಾಲಲಿಲ್ಲ. ಯಾರ ಕಣ್ಣಿಗೆ ಹೆದರಿ ಟೇಪಕ್ಕ ಇಷ್ಟು ದಿನ ಮನೆಯಲ್ಲಿ ಕೂತಿದ್ದಳೋ ಅವರೆಲ್ಲ ಅವಳ ಕಣ್ಣಿಗೆ ಹೆದರಿ ಗೋಡೆಗೆ ಅಂಟಿಕೊಂಡಿದ್ದರು. ಅವಳು ಮರ್ಯಾದೆಗೆ ನೆಲ ನೋಡಿದಳು. ಬೀದಿಯ ಕಡೆಯ ಗಾಜು ಬಿಟ್ಟರೆ ಉಳಿದ ಗೋಡೆಗಳಿಗೆಲ್ಲ ಕನ್ನಡಿ ಇದ್ದುದರಿಂದ ನೋಡಲು ಬೇರೆ ಜಾಗವೂ ಇರಲಿಲ್ಲ.

ಅಲ್ಲಿ ಹೇಳಿಕೊಡುವ ಕೋಚು ಮಗಳ ವಯಸ್ಸಿನ ಹುಡುಗಿ. ಎಷ್ಟು ಕಿಲೋ ಇಳಿಸಬೇಕು ಆಂಟಿ ಎಂದು ಕೇಳಿದಳು.

“ಕಿಲೋ ಹಾಗೇ ಇರಲಿ” ಎಂದಳು ಟೇಪಕ್ಕ. “ನೆಲದ ಮೇಲೆ ಕೂತು, ಯಾರೂ ಕೈ ಕೊಡದೆ ಎದ್ದು ನಿಲ್ಲಬೇಕು. ಅಷ್ಟೇ.”

ಇಂಥ ಗುರಿ ಹೇಳಿದವರು ಹಿಂದೆ ಯಾರೂ ಇರಲಿಲ್ಲವೋ ಏನೋ, ಹುಡುಗಿ ತಲೆ ಕೆರೆದುಕೊಂಡು, ಮೊದಲು ಮೈ ಬಿಸಿಯಾಗಲಿ ಎಂದು ನಡೆಯುವ ಯಂತ್ರಕ್ಕೆ ಹತ್ತಿಸಿದಳು. ಕಾಲ ಕೆಳಗಿನ ಪಟ್ಟಿ ಮೆಲ್ಲಗೆ ಸರಿಯಿತು, ಟೇಪಕ್ಕ ನಡೆದಳು. ಸ್ವಲ್ಪದರಲ್ಲೇ ಪ್ಯಾಂಟೂ ನಡೆಯತೊಡಗಿತು, ಕೆಳಮುಖವಾಗಿ. ಟೇಪಕ್ಕ ಒಂದು ಕೈಯಿಂದ ಸೊಂಟದ ಪಟ್ಟಿಯನ್ನು ಹಿಡಿದುಕೊಂಡಳು.

“ಎರಡೂ ಕೈ ಬೀಸಬೇಕು ಆಂಟಿ.”

“ಒಂದು ಕೈ ಕೆಲಸದಲ್ಲಿದೆ ಕಣಮ್ಮ.”

ಕಂಬದ ಹಿಂದೆ ಯಾರೋ ಕಿಸಕ್ಕೆಂದರು. ಟೇಪಕ್ಕ ಸೊಂಟದ ಪಟ್ಟಿಯನ್ನು ಇನ್ನೂ ಬಿಗಿಯಾಗಿ ಹಿಡಿದಳು. ಮೆಟ್ಟಿಲು ಎಲ್ಲಿದೆಯೆಂದು ಕಣ್ಣಲ್ಲೇ ನೋಡಿಕೊಂಡಳು. ಹೀಗೇ ಇಳಿದುಹೋದರೆ ಇನ್ನು ಯಾವತ್ತೂ ಹತ್ತುವುದಿಲ್ಲವೆಂದೂ ಗೊತ್ತಿತ್ತು. ಅಷ್ಟರಲ್ಲಿ ಕ್ಯಾಷಿಯರು ಕಂಬ ಬಿಟ್ಟು ಈಚೆ ಬಂದಳು. ಯಂತ್ರ ನಿಲ್ಲಿಸಿ, ಟೇಪಕ್ಕನನ್ನು ಗೋಡೆಯತ್ತ ತಿರುಗಿಸಿ, ತನ್ನ ಚೀಲದಿಂದ ಪಿನ್ನು ತೆಗೆದು, ಸೊಂಟದ ಹಿಂದಿನ ಬಟ್ಟೆಯನ್ನು ಮಡಿಸತೊಡಗಿದಳು. ಮಡಿಸಿದಷ್ಟೂ ಬರುತ್ತಿತ್ತು. ಅವಳ ಮುಷ್ಟಿ ತುಂಬಿತು.

“ಎಷ್ಟು ಬಟ್ಟೆ ಬಿಟ್ಟಿದೀರಿ ಅಕ್ಕ, ಯಾರ ಅಳತೆ ಇದು?”

“ನಂದೇ.”

“ನಿಮ್ಮದು ಅಂತ ಯಾರು ಹೇಳಿದ್ದು? ಇದರಲ್ಲಿ ನೀವೂ ನಿಮ್ಮ ನಾದಿನಿನೂ ಇಬ್ಬರೂ ಹಿಡೀತೀರಿ.”

ಟೇಪಕ್ಕ ಗೋಡೆಯ ಕನ್ನಡಿಯಲ್ಲಿ ನೋಡಿದಳು. ಈ ಸಲ ಎಳೆಯಲು ಪರದೆ ಇರಲಿಲ್ಲ. ಬೇರೆಯವರ ಮೈಯನ್ನು ಇದ್ದ ಹಾಗೆ ನೋಡಿದ ಕಣ್ಣು ತನ್ನದನ್ನು ನಾದಿನಿಯ ಮಾತಿನಿಂದ, ಗೌನಿನ ಕೆಳಗಿನ ಆ ಮಧ್ಯಾಹ್ನದಿಂದ ಅಳೆದು ಕತ್ತರಿಸಿತ್ತು. ಬಟ್ಟೆಯೊಳಗಿದ್ದವಳು ದಪ್ಪವೇ, ಅದರಲ್ಲಿ ಸಂಶಯವಿಲ್ಲ. ಆದರೆ ಹೆದರಿಕೆ ಅವಳಿಗಿಂತ ಒಂದು ಮುಷ್ಟಿ ಹೆಚ್ಚು ದಪ್ಪವಿತ್ತು.

ಪಿನ್ನು ಚುಚ್ಚುತ್ತ ಕ್ಯಾಷಿಯರು ದನಿ ತಗ್ಗಿಸಿದಳು. “ಅಕ್ಕ, ನಿಜ ಹೇಳಿ. ನನ್ನ ಬಟ್ಟೆಗಳು ಒಗೆದಾಗ ಕುಗ್ಗಿದ್ದಲ್ಲ ಅಲ್ವಾ?”

“ಕುಗ್ಗಿದ್ದೇ” ಎಂದಳು ಟೇಪಕ್ಕ, ಮುಖದ ಒಂದು ಗೆರೆಯೂ ಅಲುಗಾಡದೆ. “ಸೋಪು ಬದಲಾಯಿಸಿ.”

ಆಮೇಲೆ ಅಲ್ಲಿ ಯಾರೂ ಗೋಡೆಗೆ ಅಂಟಿಕೊಳ್ಳಲಿಲ್ಲ.

ಮುಂದಿನದ್ದರಲ್ಲಿ ಪವಾಡವೇನೂ ಇಲ್ಲ. ಕೋಚು ಏಳುವುದನ್ನು ಕಲಿಸಿದಳು: ಪಕ್ಕಕ್ಕೆ ತಿರುಗು, ಒಂದು ಮಂಡಿ ಊರು, ಇನ್ನೊಂದು ಪಾದ ನೆಲಕ್ಕೆ ಒತ್ತು, ತೊಡೆಯ ಮೇಲೆ ಕೈಯಿಟ್ಟು ದೂಡು. ಮಗು ವರ್ಷ ತುಂಬುವುದರೊಳಗೆ ಕಲಿಯುವ ಈ ವಿದ್ಯೆಗೆ ಟೇಪಕ್ಕ ದುಡ್ಡು ಕೊಟ್ಟು ಹೋದಳು. ಕುರ್ಚಿ ಹಿಡಿದು ಎದ್ದಳು, ಆಮೇಲೆ ಕುರ್ಚಿಯನ್ನು ಬರೀ ಮುಟ್ಟಿ ಎದ್ದಳು. ಕೆಲವು ದಿನ ಎಷ್ಟು ದೂಡಿದರೂ ಏಳಲಾಗದೆ ಚಾಪೆಯ ಮೇಲೇ ಕೂತು ಉಳಿದವರ ಬಟ್ಟೆಯ ಅಂಚುಗಳನ್ನು ಗಮನಿಸಿದಳು. ತೂಕದ ಯಂತ್ರದ ಮುಳ್ಳು ಮಾತ್ರ ಹಟಕ್ಕೆ ಬಿದ್ದು ಕೂತಲ್ಲೇ ಕೂತಿತ್ತು. ನಾದಿನಿಗೆ ಇದರಿಂದ ಬಹಳ ನೆಮ್ಮದಿ.

“ಏನೂ ಕರಗಿಲ್ವಲ್ಲ ಅತ್ತಿಗೆ” ಎನ್ನುವಳು, ಗುಂಡಿಯ ದಾರವನ್ನು ಹಲ್ಲಿನಿಂದ ಕತ್ತರಿಸುತ್ತ. ಕರಗುವುದಕ್ಕೆ ನಾನೇನು ಮೇಣವೇ ಎಂದು ಟೇಪಕ್ಕ ಕತ್ತರಿ ಆಡಿಸುವಳು.

ಒಂದು ಬೆಳಿಗ್ಗೆ ದೊಡ್ಡ ಟೀಚರು ಬಂದರು. ಹೊಲಿಸಲೇನೂ ಅಲ್ಲ, ಕೈಚೀಲದ ಜಿಪ್ಪು ಕಿತ್ತುಹೋಗಿತ್ತು. ಮೈಮೇಲೆ ಮೂಲೆಯ ಅಂಗಡಿಯಲ್ಲಿ ಹೊಲಿಸಿದ ಹೊಸ ಗೌನು. ಹಿಂದೆ ಉದ್ದವಾಗಿ ಹಿಮ್ಮಡಿಗೆ ತಾಗುತ್ತಿತ್ತು. ಟೇಪಕ್ಕ ಜಿಪ್ಪನ್ನು ನೋಡಲೇ ಇಲ್ಲ. ಒಂದು ನಿಮಿಷ ನೆಟ್ಟಗೆ ನಿಲ್ಲಿ ಟೀಚರ್ ಎಂದಳು. ಟೀಚರು ಅಪರಾಧಿಯನ್ನು ನೋಡುವ ಹಾಗೆ ಮೇಜಿನ ಕಡೆ ನೋಡಿದರು.

“ಅಲ್ಲಿ ಬೇಡ. ಇಲ್ಲೇ, ನೆಲದ ಮೇಲೆ” ಎಂದು ಟೇಪಕ್ಕ ಗುಂಡುಸೂಜಿಗಳನ್ನು ಬಾಯಿಗಿಟ್ಟುಕೊಂಡಳು.

ನಾದಿನಿ ಕಾಜ ಬಿಟ್ಟು, ಎರಡೂ ಕೈ ಒರೆಸಿಕೊಂಡು, ಎತ್ತಲು ಸಿದ್ಧಳಾಗಿ ಬಂದು ನಿಂತಳು. ಟೇಪಕ್ಕ ಇಳಿದಳು. ಹಳೆಯ ಗೌನುಗಳ ನೆನಪೆಲ್ಲ ಬೆರಳಿಗೆ ಬಂದಂತೆ ಬಟ್ಟೆ ತಾನಾಗಿ ಮಡಿಸಿಕೊಳ್ಳುತ್ತ ಹೋಯಿತು. ಸುತ್ತು ಮುಗಿಯಿತು. ಪಕ್ಕಕ್ಕೆ ತಿರುಗಿದಳು, ಮಂಡಿ ಊರಿದಳು, ತೊಡೆಯ ಮೇಲೆ ಕೈಯಿಟ್ಟು ದೂಡಿದಳು. ಅರ್ಧಕ್ಕೆ ಬಂದಾಗ ಮಂಡಿಯೊಳಗೆ ಏನೋ ಲಟಕ್ಕೆಂದಿತು. ನಾದಿನಿ ಒಂದು ಹೆಜ್ಜೆ ಮುಂದಿಟ್ಟಳು. ಟೇಪಕ್ಕ ಅವಳತ್ತ ಒಂದು ನೋಟ ಬಿಸಾಕಿದಳು, ಅವಳು ಅಲ್ಲೇ ನಿಂತಳು. ಮತ್ತೆ ದೂಡಿದಳು. ಎದ್ದು ನಿಂತಳು.

ಅಂಗಡಿಯಲ್ಲಿ ಏನೂ ಆಗಲಿಲ್ಲ. ಬೀದಿಯಲ್ಲಿ ಒಂದು ಬಸ್ಸು ಹೋಯಿತು. ದೊಡ್ಡ ಟೀಚರು ಇದಾವುದನ್ನೂ ನೋಡಿರಲಿಲ್ಲ. ಅವರು ಕನ್ನಡಿಯಲ್ಲಿ ತಮ್ಮ ಗೌನನ್ನು ನೋಡುತ್ತಿದ್ದರು.

“ಎಡಗಡೆ ಒಂದು ಬೆರಳು ಮೇಲಿದೆಯಲ್ಲ ಕಣಮ್ಮ.”

ಟೇಪಕ್ಕ ಹಿಂದೆ ಸರಿದು ನೋಡಿದಳು. ನಿಜವಾಗಿಯೂ ಮೇಲಿತ್ತು. ಏಳುವುದನ್ನೇ ಯೋಚಿಸುತ್ತ ಚುಚ್ಚಿದ ಜಾಗ ಅದು. ಅವಳು ಸೂಜಿಗಳನ್ನು ಮತ್ತೆ ಬಾಯಿಗಿಟ್ಟುಕೊಂಡು, ಇಳಿದಳು.